ನಾಸಿಕದ ಟೇಪು, ಔರಂಗಾಬಾದಿನ ಡಿಸ್ಕು

ಮೊನ್ನೆ ರವಿವಾರ ಪುಣೆಯಿಂದ ಮಗಳ ಫೋನು. "ಪಪ್ಪಾ, ಹೊಸ ಕಂಪ್ಯೂಟರಿಗೆ ಯಾವ ಡಿಸ್ಕ್ ಹಾಕಸ್ತೀರಿ? ಲಿಸ್ಟ್ ಕಳಸ್ರಿ, ನಾ ಆರ್ಡರ್ ಮಾಡ್ತೀನಿ."

ವಿಷಯ ಇಷ್ಟೇ. 2026-27ರ ನಾಸಿಕದ ಸಿಂಹಸ್ಥ ಕುಂಭಮೇಳವನ್ನು ವಿಡಿಯೋ ಮಾಡಬೇಕು, ಮನೆಯಲ್ಲೇ ಕೂತು ಎಡಿಟ್ ಮಾಡಬೇಕು ಎಂದು ನನಗೊಂದು ಆಸೆ. ಈಗಿರುವ ಕಂಪ್ಯೂಟರು 4ಕೆ ವಿಡಿಯೋ ಕಂಡರೆ ಏದುಸಿರು ಬಿಡುತ್ತದೆ. ಹಾಗಾಗಿ ಹೊಸದು. ಪ್ರೊಸೆಸರು, ರ‍್ಯಾಮು ಎಲ್ಲ ಮಗಳೇ ಆರಿಸಿದಳು, ನಾನು ತಲೆ ಹಾಕಲಿಲ್ಲ. ಡಿಸ್ಕಿನ ಪ್ರಶ್ನೆಗೆ ಮಾತ್ರ, "ತಡಿ, ಬರದು ಕಳಸ್ತೀನಿ" ಅಂದೆ. ಬರೆಯಲು ಕೂತರೆ ಲಿಸ್ಟ್ ಆಗಲಿಲ್ಲ, ಇಪ್ಪತ್ತು ವರ್ಷದ ಇತಿಹಾಸವಾಯಿತು. ನಾನು ಎಂಜಿನಿಯರ್ ಅಲ್ಲ ಸ್ವಾಮಿ, ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದವನು. ಆದರೆ ಡಿಸ್ಕುಗಳ ವಿಷಯದಲ್ಲಿ ನಾನು ಕಟ್ಟಿದಷ್ಟು ಫೀ ಯಾವ ಎಂಜಿನಿಯರೂ ಕಟ್ಟಿರಲಿಕ್ಕಿಲ್ಲ.

(ನಮ್ಮೂರಿನ ಅಧಿಕೃತ ಹೆಸರು 2023ರಿಂದ ಛತ್ರಪತಿ ಸಂಭಾಜಿನಗರ. ಹಳೆಯ ಮಾತು ಬಂದಲ್ಲಿ ಔರಂಗಾಬಾದ್ ಎಂದೇ ಬರೆದಿದ್ದೇನೆ. ಕೈಗೆ ಅದೇ ರೂಢಿ.)

ನಾನು ನಾಸಿಕಕ್ಕೆ ಹೋದದ್ದು 2000ದಲ್ಲಿ, ವರ್ಗವಾಗಿ. ಅಲ್ಲಿ ಕನ್ನಡದವರಿಗೆ ಬರವಿಲ್ಲ. ಓಝರಿನ ಎಚ್‌ಎಎಲ್, ಸಾತಪೂರದ ಮೈಕೋ (ಈಗ ಬಾಷ್), ಎರಡರ ಬೇರೂ ಬೆಂಗಳೂರಿನಲ್ಲಿ. ಊರಿಗೆ ಹೋದ ಮೊದಲ ವಾರ ಆಟೋದವನೊಬ್ಬ "ಕ್ಯಾನಡಾ ಕಾರ್ನರ್" ಅಂದಾಗ ನನಗೆ "ಕನ್ನಡ ಕಾರ್ನರ್" ಎಂದು ಕೇಳಿಸಿ, ಎಷ್ಟು ಒಳ್ಳೆಯ ಊರಪ್ಪಾ ಎಂದು ಖುಷಿಪಟ್ಟಿದ್ದೆ! ಅದೇ ಕೆನಡಾ ಕಾರ್ನರಿನ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ 2003ರ ಜೂನಿನಲ್ಲಿ ನನ್ನ ಮೊದಲ ಎಡಿಟಿಂಗ್ ಕಂಪ್ಯೂಟರು ಜೋಡಣೆಯಾಯಿತು. ಕಾರಣ ಆಗಲೂ ಸಿಂಹಸ್ಥವೇ. ಹನ್ನೆರಡು ವರ್ಷಕ್ಕೊಮ್ಮೆ ಬರುವುದು, ಜುಲೈ ಕೊನೆಗೆ ಶುರು. ಮಿನಿ ಡಿವಿ ಟೇಪಿನ ಕ್ಯಾಮೆರಾ ಒಂದನ್ನು ಕಂತಿನ ಮೇಲೆ ತಗೊಂಡಿದ್ದೆ.

ಡಿವಿ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಸೆಟ್ಟು, ಅದರಲ್ಲಿ ಒಂದು ತಾಸಿನ ವಿಡಿಯೋ ಅಂಕಿಗಳ ರೂಪದಲ್ಲಿ ಕೂರುತ್ತಿತ್ತು. ಫೈರ್‌ವೈರ್ ಎಂಬ ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ಟೇಪು ಓಡಿಸಿದರೆ ಸೆಕೆಂಡಿಗೆ ಸುಮಾರು 3.6 ಎಂಬಿಯಂತೆ ಡಿಸ್ಕಿಗೆ ಇಳಿಯುತ್ತಿತ್ತು. ತಾಸಿಗೆ ಹೆಚ್ಚು ಕಡಿಮೆ 13 ಜಿಬಿ. ಟೇಪು ಒಂದು ತಾಸಿನದಾದರೆ ಇಳಿಸಲಿಕ್ಕೂ ಪೂರ್ತಿ ಒಂದು ತಾಸು, ಅವಸರ ಮಾಡುವಂತಿಲ್ಲ. ನನ್ನ ಕಂಪ್ಯೂಟರಿನಲ್ಲಿದ್ದದ್ದು 40 ಜಿಬಿಯ, ನಿಮಿಷಕ್ಕೆ 5400 ಸುತ್ತಿನ ಒಂದೇ ಡಿಸ್ಕು. ವಿಂಡೋಸು, ಆಫೀಸು, ಹಾಡು, ಬರಹ ತಂತ್ರಾಂಶ ಎಲ್ಲ ಅದರಲ್ಲೇ. ಎರಡು ಟೇಪು ಇಳಿಸುವಷ್ಟರಲ್ಲಿ ಹೊಟ್ಟೆ ತುಂಬಿ ಬಿರಿಯುತ್ತಿತ್ತು.

ಅದಕ್ಕಿಂತ ಕಿರಿಕಿರಿಯೆಂದರೆ ನಡುನಡುವೆ ಫ್ರೇಮುಗಳು ಮಾಯವಾಗುವುದು. ಸಾಧು ಕಾಲೆತ್ತಿದವನು ಮುಂದಿನ ಕ್ಷಣ ಎರಡು ಹೆಜ್ಜೆ ಮುಂದಿರುತ್ತಿದ್ದ! ಅಂಗಡಿಯ ಹುಡುಗ, "ಸಾಹೇಬ, ಡಿಸ್ಕ್ ಸ್ಲೋ ಆಹೇ, 7200 ಘ್ಯಾ" ಅಂದ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು 7200 ಸುತ್ತಿನ 80 ಜಿಬಿ ತಂದು ಹಾಕಿದೆ. ತೊಂದರೆ ಹೋಯಿತು. ಆದರೆ ಹುಡುಗ ಹೇಳಿದ ಕಾರಣ ತಪ್ಪು ಎಂದು ಎಷ್ಟೋ ತಿಂಗಳ ನಂತರ ತಿಳಿಯಿತು. ಆ ಬಡಪಾಯಿ 5400ದ ಡಿಸ್ಕೂ ಸೆಕೆಂಡಿಗೆ 20 ಎಂಬಿಗಿಂತ ಹೆಚ್ಚೇ ಬರೆಯಬಲ್ಲದು, ಕೇಳುತ್ತಿದ್ದದ್ದು ಬರೀ 3.6. ತೊಂದರೆ ಸುತ್ತಿನದಲ್ಲ. ಒಂದೇ ಡಿಸ್ಕಿನಲ್ಲಿ ಓದುವ-ಬರೆಯುವ ಮುಳ್ಳುಗಳೆಲ್ಲ ಒಂದೇ ಕೈಗೆ ಕಟ್ಟಿರುತ್ತವೆ. ಅದು ವಿಡಿಯೋ ಬರೆಯುತ್ತಿರುವಾಗ ವಿಂಡೋಸ್ ನಡುವೆ ಕರೆದು "ನನ್ನ ಫೈಲು ತೆಗೆದುಕೊಡು" ಎಂದರೆ ಇಲ್ಲಿಂದಲ್ಲಿಗೆ ಓಡಬೇಕು. ಒಬ್ಬನೇ ಕ್ಯಾಶಿಯರನ್ನು ರಿಸೀಟ್ ಮತ್ತು ಪೇಮೆಂಟ್ ಎರಡೂ ಕೌಂಟರಿಗೆ ಕೂರಿಸಿದ ಹಾಗೆ. ಎರಡನೆಯ ಡಿಸ್ಕು ಬಂದಾಗ ಎರಡನೆಯ ಕ್ಯಾಶಿಯರ್ ಬಂದ, ಸಾಲು ಕರಗಿತು. ವಿಂಡೋಸಿಗೊಂದು, ವಿಡಿಯೋಕ್ಕೊಂದು ಎಂಬ ಆಗಿನ ಎಡಿಟಿಂಗ್ ಜನರ ಸೂತ್ರದ ಗುಟ್ಟು ಇದೇ.

ಆ ಕಾಲದ ಬೇರೆ ಕಾಟಗಳನ್ನು ನೆನೆದರೆ ಈಗ ನಗು. ಡಿಸ್ಕನ್ನು ಎಫ್‌ಎಟಿ32 ಎಂಬ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಡಿವಿ ಲೆಕ್ಕದಲ್ಲಿ ಹದಿನೆಂಟು-ಹತ್ತೊಂಬತ್ತು ನಿಮಿಷಕ್ಕೆ ಕಟ್. ಎನ್‌ಟಿಎಫ್‌ಎಸ್ ಮಾಡಿಕೊಂಡರೆ ಪಾರು. ಡಿಸ್ಕಿನ ಹಿಂದೆ ಪುಟಾಣಿ ಜಂಪರುಗಳು, ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಜಂಪರ್ ನೆಲಕ್ಕೆ ಬಿದ್ದರೆ ಮನೆಮಂದಿಯೆಲ್ಲ ಟಾರ್ಚು ಹಿಡಿದು ಹುಡುಕುವುದು. ಸಹೋದ್ಯೋಗಿಯೊಬ್ಬರು ಆಸೆಪಟ್ಟು 160 ಜಿಬಿ ತಂದರೆ ಕಂಪ್ಯೂಟರು 128 ಜಿಬಿ ಮಾತ್ರ ತೋರಿಸಿತು. ಅವರು ಅಂಗಡಿಯವನ ಮೇಲೆ ಹರಿಹಾಯ್ದರು. ಪಾಪ ಅವನ ತಪ್ಪೇನಿಲ್ಲ, ಎಕ್ಸ್‌ಪಿಯ ಮೊದಲ ಆವೃತ್ತಿಗೆ ಅಷ್ಟಕ್ಕಿಂತ ಎಣಿಸಲು ಬರುತ್ತಿರಲಿಲ್ಲ, 2002ರಲ್ಲಿ ಬಂದ ಸರ್ವಿಸ್ ಪ್ಯಾಕ್ ಹಾಕಬೇಕಿತ್ತು. ಯಾವ ಕಂಪನಿ ಒಳ್ಳೆಯದು ಎಂಬ ಜಗಳವೂ ಆಗಲೇ ಇತ್ತು. ಐಬಿಎಮ್‌ನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಂಬ 2000ದ ಮಾದರಿ ಬೇಗ ಕೈಕೊಡುತ್ತದೆಂದು ಅಮೆರಿಕದಲ್ಲಿ ಕೋರ್ಟಿನ ತನಕ ಹೋಗಿ, ಜನ ಅದನ್ನು ಡೆತ್‌ಸ್ಟಾರ್ ಎಂದು ಕರೆಯುತ್ತಿದ್ದರು. 2003ರ ಹೊತ್ತಿಗೆ ಐಬಿಎಮ್ ತನ್ನ ಡಿಸ್ಕಿನ ವ್ಯಾಪಾರವನ್ನೇ ಹಿಟಾಚಿಗೆ ಮಾರಿಬಿಟ್ಟಿತ್ತು.

ಡಿಸ್ಕನ್ನು ಹುಟ್ಟಿಸಿದ್ದೇ ಐಬಿಎಮ್ ಎನ್ನುವುದು ಇಲ್ಲಿಯ ವಿಪರ್ಯಾಸ. 1956ರ ರಾಮ್ಯಾಕ್ ಯಂತ್ರದಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆ. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಅದು ಹುಟ್ಟಿದ್ದು ನಮ್ಮಂಥವರ ಕೆಲಸಕ್ಕೇ, ಲೆಕ್ಕಪತ್ರಕ್ಕೆ. ಅದರೊಳಗೆ ಡಿವಿ ವಿಡಿಯೋ ತುಂಬಿದರೆ ಬರೀ ಒಂದು ಸೆಕೆಂಡು! 1980ರಲ್ಲಿ ಸೀಗೇಟ್ ಕಂಪನಿ ಟೇಬಲ್ ಮೇಲಿನ ಕಂಪ್ಯೂಟರಿಗೆಂದು ತಂದ ಡಿಸ್ಕು 5 ಎಂಬಿಯದು, ಅದರಲ್ಲಿ ಒಂದೂವರೆ ಸೆಕೆಂಡೂ ಪೂರ್ತಿ ಹಿಡಿಯದು. ನಾನು 1992ರಲ್ಲಿ ಬ್ಯಾಂಕ್ ಸೇರಿದಾಗ ರಂಗರಾಜನ್ ಸಮಿತಿಯ 1984ರ ವರದಿಯ ಫಲವಾಗಿ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದಿದ್ದವು. ನಮ್ಮ ಶಾಖೆಯದರ ಡಿಸ್ಕು 40 ಎಂಬಿ. ಸಾವಿರಾರು ಜನರ ಉಳಿತಾಯ ಖಾತೆ ಅದರಲ್ಲಿ ಆರಾಮಾಗಿ ಮಲಗಿತ್ತು. ವಿಡಿಯೋ ಆಗಿದ್ದರೆ ಹನ್ನೊಂದು ಸೆಕೆಂಡು. ವಿಡಿಯೋ ಎಷ್ಟು ಹೊಟ್ಟೆಬಾಕ ನೋಡಿ.

ಆ ಶಾಖೆಯ ಇನ್ನೊಂದು ನೆನಪು ಹೇಳಲೇಬೇಕು. ದಿನಾ ಸಂಜೆ ಲೆಕ್ಕ ಟ್ಯಾಲಿ ಆದ ಮೇಲೆ ಬ್ಯಾಕಪ್ ತೆಗೆಯಬೇಕು, ರಿಜಿಸ್ಟರಿನಲ್ಲಿ ಬರೆದು ಇಬ್ಬರು ಸಹಿ ಹಾಕಬೇಕು. ಒಂದು ಪ್ರತಿ ಸ್ಟ್ರಾಂಗ್ ರೂಮಿನಲ್ಲಿ, ಇನ್ನೊಂದು ಶಾಖೆಯ ಹೊರಗೆ. ಬೆಂಕಿ ಬಿದ್ದರೆ ಶಾಖೆಯ ಜೊತೆ ಎರಡೂ ಸುಡಬಾರದಲ್ಲ. ಮೂವತ್ತಕ್ಕೂ ಹೆಚ್ಚು ವರ್ಷದ ಸೇವೆಯಲ್ಲಿ ನಾನು ಹಾಕಿದ ಅಂಥ ಸಹಿಗಳನ್ನು ಜೋಡಿಸಿದರೆ ಒಂದು ರೀಮು ಕಾಗದವಾದೀತು. ಆ ಸಹಿ ಹಾಕಿದ ಕೈಯೇ ಮನೆಯಲ್ಲಿ ಏನು ಮಾಡಿತು ಅಂತ ಮುಂದೆ ಹೇಳುತ್ತೇನೆ.

ನಾಸಿಕದಲ್ಲಿ ವಿಡಿಯೋ ಹುಚ್ಚು ಹತ್ತಿದವನು ಫಾಲ್ಕೆಯವರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಧುಂಡಿರಾಜ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರಲ್ಲಿ, ತ್ರ್ಯಂಬಕದಲ್ಲಿ. ತೀರಿಕೊಂಡದ್ದು 1944ರಲ್ಲಿ, ನಾಸಿಕದಲ್ಲಿ. ಪಾಂಡವಲೇಣಿ ಗುಡ್ಡದ ಬುಡದಲ್ಲಿ ಅವರ ಸ್ಮಾರಕವಿದೆ. ಅವರ ಬಗ್ಗೆ ಬ್ಯಾಂಕಿನವನಾಗಿ ನನಗೆ ಇಷ್ಟವಾಗುವ ಸಂಗತಿ, ಅವರು ಜೀವವಿಮೆಯ ಪಾಲಿಸಿ ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದದ್ದು. ಹಣ ಹಾಕುವವರನ್ನು ನಂಬಿಸಲು ಬಟಾಣಿ ಕಾಳು ಮೊಳೆತು ಬಳ್ಳಿಯಾಗುವುದನ್ನು ಒಂದೊಂದೇ ಫ್ರೇಮು ತೆಗೆದು ತೋರಿಸಿದರಂತೆ. ಪ್ರಾಜೆಕ್ಟ್ ರಿಪೋರ್ಟ್ ಅಂದರೆ ಅದಪ್ಪಾ! ಹೆಂಡತಿ ಸರಸ್ವತಿಬಾಯಿ ಕತ್ತಲಲ್ಲಿ ಕೂತು ಫಿಲ್ಮಿನ ಅಂಚಿಗೆ ತೂತು ಹಾಕುತ್ತಿದ್ದರು, ತೊಳೆಯುತ್ತಿದ್ದರು. ಅಂದರೆ ನಮ್ಮ ದೇಶದ ಮೊದಲ ಕಥಾಚಿತ್ರ 'ರಾಜಾ ಹರಿಶ್ಚಂದ್ರ' ಅಡಿಗೆಮನೆಯ ಪಕ್ಕದಲ್ಲೇ ತಯಾರಾದದ್ದು. 1913ರ ಮೇ 3ರಂದು ಮುಂಬಯಿಯ ಕೊರೊನೇಶನ್ನಿನಲ್ಲಿ ಬಿಡುಗಡೆ. ಸುಮಾರು 3700 ಅಡಿ, ನಾಲ್ಕು ರೀಲು. ಅದರ ಬೆನ್ನಿಗೇ ಅವರು ಬಿಡಾರವನ್ನು ನಾಸಿಕಕ್ಕೆ ಬದಲಿಸಿದರು.

ಆ ನಾಲ್ಕು ರೀಲು ಎಲ್ಲಿವೆ? ಮೂಲಚಿತ್ರ ಕೈತಪ್ಪಿ, ಫಾಲ್ಕೆಯವರು 1917ರಲ್ಲಿ ಅದನ್ನೇ 'ಸತ್ಯವಾದಿ ರಾಜಾ ಹರಿಶ್ಚಂದ್ರ' ಎಂದು ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಇವತ್ತು ಉಳಿದಿರುವುದು ಎರಡು ರೀಲು, ಮೊದಲನೆಯದು ಮತ್ತು ಕೊನೆಯದು. ಅವೂ 1913ರವಲ್ಲ, 1917ರ ಮರುಚಿತ್ರಣದವು ಎನ್ನುವ ವಿದ್ವಾಂಸರಿದ್ದಾರೆ. ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ, ಫಾಲ್ಕೆ ಹೋಗಿ ಇಪ್ಪತ್ತು ವರ್ಷದ ನಂತರ. ಅಲ್ಲಿಯ ಪಿ.ಕೆ. ನಾಯರ್ ಊರೂರು ಅಲೆದು ಹಳೆಯ ರೀಲು ಕೂಡಿಸದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ. ನಮ್ಮದಾದರೂ ಏನು ಬೇರೆ? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ, ತೆರೆಕಂಡದ್ದು 1934ರ ಮಾರ್ಚ್ 3ರಂದು. ಇವತ್ತು ಅದರ ಪ್ರತಿಯಿಲ್ಲ. ಸುಬ್ಬಯ್ಯ ನಾಯ್ಡು ತೆರೆಯ ಮೇಲೆ ಮೊದಲ ಕನ್ನಡ ಮಾತು ಹೇಗೆ ಆಡಿದರೋ, ಫೋಟೋ ನೋಡಿ ಊಹಿಸಬೇಕು ಅಷ್ಟೇ.

ಆ ಕಾಲದ ನೈಟ್ರೇಟ್ ಫಿಲ್ಮಿನ ಗುಣವೂ ಹಾಗಿತ್ತು. ಒಮ್ಮೆ ಹೊತ್ತಿದರೆ ಆರಿಸಲಾಗದು, ಹೊತ್ತದಿದ್ದರೂ ವರ್ಷಗಳಲ್ಲಿ ಅಂಟಾಗಿ ಪುಡಿಯಾಗುತ್ತದೆ. ನಾನು ನಾಸಿಕದಲ್ಲಿ ಕ್ಯಾಮೆರಾ ಕೊಂಡ 2003ರ ಜನವರಿಯಲ್ಲೇ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು ಎಷ್ಟೋ ಹಳೆಯ ರೀಲುಗಳು ಬೂದಿಯಾದವು. ಪೇಪರಿನಲ್ಲಿ ಓದಿದ್ದೆ. "ಅಯ್ಯೋ" ಅಂದು ಪುಟ ತಿರುಗಿಸಿದ್ದೆ.

ಆ ಸಿಂಹಸ್ಥದಲ್ಲಿ ಒಟ್ಟು ಹದಿನಾಲ್ಕು ಟೇಪು ತುಂಬಿದೆ. ಗದಗಿನ ಕಡೆಯಿಂದ ಅವ್ವ ಸ್ನಾನಕ್ಕೆ ಬಂದಿದ್ದಳು. ಆಗಸ್ಟ್ 27ರ ನೂಕುನುಗ್ಗಲಿನಲ್ಲಿ 39 ಜನ ತೀರಿಕೊಂಡರಲ್ಲ, ಅದಕ್ಕೆ ಒಂದು ವಾರ ಮುಂಚೆ. ರಾಮಕುಂಡದ ಮೆಟ್ಟಿಲಿನ ಮೇಲೆ ಒದ್ದೆ ಸೆರಗು ಹಿಂಡುತ್ತಾ ಕ್ಯಾಮೆರಾ ಕಡೆ ನೋಡಿ "ಏ, ಅದನ್ನ ಬಂದ್ ಮಾಡೋ, ಮಂದಿ ನೋಡಾಕತ್ತಾರ" ಅನ್ನುತ್ತಾಳೆ. ಹನ್ನೆರಡು ಸೆಕೆಂಡು.

2006ರಲ್ಲಿ ಔರಂಗಾಬಾದಿಗೆ ವರ್ಗ. ಆಮೇಲೆ ನಾನು ಜಾಲನಾ, ಬೀಡ ಎಂದು ತಿರುಗಿದರೂ ಸಂಸಾರ ಸಿಡ್ಕೋದ ಮನೆಯಲ್ಲೇ ಬೇರುಬಿಟ್ಟಿತು. ನಾಸಿಕದ ತಂಪಿನಿಂದ ಬಂದವರಿಗೆ ಇಲ್ಲಿಯ ಮೇ ತಿಂಗಳು ಬಾಣಲೆ. ಜೊತೆಗೆ ಆ ವರ್ಷಗಳ ಮಹಾರಾಷ್ಟ್ರದ ಲೋಡ್ ಶೆಡ್ಡಿಂಗ್ ನೆನಪಿದೆಯಾ? ಹೇಳಿದ ಹೊತ್ತಿಗೂ ಹೋಗುತ್ತಿತ್ತು, ಹೇಳದ ಹೊತ್ತಿಗೂ ಹೋಗುತ್ತಿತ್ತು. 2007ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ರೆಂಡರ್ ನಡೆಯುತ್ತಿರುವಾಗ ಕರೆಂಟು ಹೋಗಿ ಬಂದು ಹೋಗಿ ಬಂತು. 80 ಜಿಬಿ ಡಿಸ್ಕು ಮತ್ತೆ ಏಳಲಿಲ್ಲ. ಸಿಂಹಸ್ಥದ ಪೂರ್ತಿ ಪ್ರಾಜೆಕ್ಟು ಅದರಲ್ಲಿತ್ತು.

ನಾನು ಹೆದರಲಿಲ್ಲ. ಯಾಕೆಂದರೆ ಹದಿನಾಲ್ಕು ಟೇಪುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿದ್ದವು. ಹೊಸ ಡಿಸ್ಕು ತಂದೆ, ರಾತ್ರಿ ಎರಡೆರಡು ಟೇಪಿನಂತೆ ಒಂದು ವಾರದಲ್ಲಿ ಎಲ್ಲವನ್ನೂ ಮತ್ತೆ ಇಳಿಸಿಕೊಂಡೆ. "ಡಿಸ್ಕ್ ಹೋದ್ರ ಏನಾತು" ಎಂದು ಮನೆಯಲ್ಲಿ ಜಂಬ ಬೇರೆ. ಈ ಜಂಬವೇ ಮುಂದೆ ನನ್ನನ್ನು ಮುಳುಗಿಸಿತು. ನನ್ನನ್ನು ಕಾಪಾಡಿದ್ದು ನನ್ನ ಬುದ್ಧಿಯಲ್ಲ, ಟೇಪಿನ ಗುಣ. ಇನ್ನೂರು ರೂಪಾಯಿಯ ಟೇಪು ತುಂಬಿದ ಮೇಲೆ ಯಾರೂ ಅಳಿಸುತ್ತಿರಲಿಲ್ಲ, ಎತ್ತಿಡುತ್ತಿದ್ದರು. ಹಾಗಾಗಿ ಯಾರೂ ಯೋಚಿಸದೆಯೇ ಮನೆಮನೆಯಲ್ಲೂ ಮೂಲಪ್ರತಿ ಉಳಿಯುತ್ತಿತ್ತು. ಡಿಸ್ಕು ಬರೀ ಕೆಲಸದ ಮೇಜು. ಮೇಜು ಮುರಿದರೆ ಇನ್ನೊಂದು ಮೇಜು.

ಅಂದ ಹಾಗೆ ಟೇಪಿನ ಮೈ ಪಾಲಿಯೆಸ್ಟರ್ ಫಿಲ್ಮು, ಅದರ ಮೇಲೆ ಲೋಹದ ತೆಳು ಲೇಪ. ನಮ್ಮೂರಿನ ಚಿಕಲಠಾಣಾ ಮತ್ತು ವಾಳುಜದಲ್ಲಿ ಗರವಾರೆಯವರ ಪಾಲಿಯೆಸ್ಟರ್ ಫಿಲ್ಮಿನ ಕಾರ್ಖಾನೆಗಳಿವೆ. ಪೈಠಣ ರಸ್ತೆಯ ಚಿತೇಗಾಂವದಲ್ಲಿ ವಿಡಿಯೋಕಾನ್ ಇತ್ತು. ಒಂದು ಕಾಲಕ್ಕೆ ದೇಶದ ಮನೆಮನೆಗೆ ಬಣ್ಣದ ಟಿವಿ ಕಳಿಸಿದ ಕಂಪನಿ, 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸಾಲ ಕೊಟ್ಟ ಬ್ಯಾಂಕುಗಳ ಕಥೆ ಇಲ್ಲಿ ಬೇಡ, ಅದು ಬೇರೆಯೇ ಸಂಕಟ.

2006ರಲ್ಲಿ ಸೋನಿ, ಪ್ಯಾನಸಾನಿಕ್ ಸೇರಿ ಎವಿಸಿಎಚ್‌ಡಿ ಎಂಬ ಹೊಸ ಪದ್ಧತಿ ತಂದರು. ಟೇಪು ಹೋಯಿತು, ಮೆಮೊರಿ ಕಾರ್ಡು ಬಂತು. ನನ್ನ ಕೈಗೆ ಅಂಥ ಕ್ಯಾಮೆರಾ ಬಂದದ್ದು 2010ರಲ್ಲಿ. ಎಷ್ಟು ಸುಖ! ಒಂದು ತಾಸಿನ ವಿಡಿಯೋ ಕೆಲವೇ ನಿಮಿಷದಲ್ಲಿ ನಕಲು. ಚಿತ್ರ ನಾಲ್ಕು ಪಟ್ಟಿಗಿಂತ ಹೆಚ್ಚು ಸ್ಪಷ್ಟ, ಆದರೂ ಹಿಂಡಿ ತುಂಬಿದ್ದರಿಂದ ಡಿವಿಗಿಂತ ಕಡಿಮೆ ಜಾಗ. ಡಿಸ್ಕಿನ ವೇಗದ ಚಿಂತೆಯೇ ಇಲ್ಲ, ಹಿಂಡಿದ್ದನ್ನು ಬಿಚ್ಚುವ ಪ್ರೊಸೆಸರಿಗೆ ಮಾತ್ರ ಬೆವರು. ಕಾರ್ಡು ದುಬಾರಿಯಾದ್ದರಿಂದ ನಕಲು ಮಾಡಿ, ಅಳಿಸಿ, ಮತ್ತೆ ಬಳಸುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು. ಟೇಪಿನ ಜೊತೆಗೆ ಬಿಸ್ಕತ್ತಿನ ಡಬ್ಬಿಯೂ ಹೋಯಿತೆಂದು, ಇನ್ನು ಮುಂದೆ ಡಿಸ್ಕು ಮೇಜಲ್ಲ, ಅದೇ ತಿಜೋರಿ ಎಂದು ನನಗೆ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

2010ರ ದೀಪಾವಳಿಗೆ ಊರಿಗೆ ಹೋದಾಗ ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿ ಎರಡು ತಾಸು ಚಿತ್ರಿಸಿದೆ. ಈ ಸಲ ಬಂದ್ ಮಾಡೋ ಅನ್ನಲಿಲ್ಲ. ತವರಿನ ಬೀಸುವ ಹಾಡು ಹೇಳಿದಳು, ನಡುನಡುವೆ ಸಾಲು ಮರೆತು ತಾನೇ ನಕ್ಕಳು, ನನ್ನ ಅಜ್ಜ ಬರದ ವರ್ಷ ಎತ್ತು ಮಾರಿ ಬಂದು ಊಟ ಮಾಡದೆ ಮಲಗಿದ್ದನ್ನು ಹೇಳಿದಳು. ಔರಂಗಾಬಾದಿಗೆ ಬಂದು 1 ಟಿಬಿ ಡಿಸ್ಕಿಗೆ ಹಾಕಿದೆ. ಅದಕ್ಕೆ ಆಗ ಮೂರು ಸಾವಿರ ಚಿಲ್ಲರೆ. ಕಾರ್ಡು ಅಳಿಸಿದೆ. ಇನ್ನೊಂದು ಡಿಸ್ಕು ತಂದು ಪ್ರತಿ ಮಾಡಬೇಕು ಎಂದು ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಮಾರ್ಚ್ ಕ್ಲೋಸಿಂಗ್ ಮುಗಿಯಲಿ, ಮಳೆಗಾಲ ಕಳೆಯಲಿ, ದಸರೆಗೆ ರಿಯಾಯಿತಿ ಬರುತ್ತದೆ...

2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ದೊಡ್ಡ ಪ್ರವಾಹ ಬಂತು. ಪ್ರಪಂಚದ ಡಿಸ್ಕುಗಳ ದೊಡ್ಡ ಪಾಲು ತಯಾರಾಗುತ್ತಿದ್ದದ್ದು ಅಲ್ಲೇ. ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಯೊಳಗೆ ನೀರು ನಿಂತಿತು, ಡಿಸ್ಕು ತಿರುಗಿಸುವ ಮೋಟಾರು ಮಾಡುವ ನಿಡೆಕ್ ಕಂಪನಿಯ ಘಟಕಗಳಿಗೂ ನುಗ್ಗಿತು. ನಾನು ಅಂಗಡಿಗೆ ಹೋದಾಗ ಮೂರು ಸಾವಿರದ ಡಿಸ್ಕಿಗೆ ಆರು ಸಾವಿರದ ಮೇಲೆ ಹೇಳಿದ. "ರೇಟ್ ಇಳೀಲಿ" ಎಂದು ವಾಪಸು ಬಂದೆ. ದರ ನೋಡಿ ಕಾಯುವುದು ನಮ್ಮ ವೃತ್ತಿಯ ಚಾಳಿ.

2012ರ ಜನವರಿಯಲ್ಲಿ ಅವ್ವ ಹೋದಳು. ಕಾರ್ಯಗಳೆಲ್ಲ ಮುಗಿದು ಮಾರ್ಚಿನಲ್ಲಿ ಒಂದು ರಾತ್ರಿ ಆ ವಿಡಿಯೋ ನೋಡಬೇಕೆಂದು ಡಿಸ್ಕು ಹಚ್ಚಿದೆ. ಟಿಕ್, ಟಿಕ್, ಟಿಕ್. ಆ ಸದ್ದು ಕೇಳಿದವರಿಗೆ ಗೊತ್ತು. ಮುಂಬಯಿಗೆ ಒಯ್ದು ತೆಗೆಸಿ ನೋಡಿಸಿದೆ. ತಟ್ಟೆಯ ಮೇಲೆಯೇ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಎಂದರು. ಕಂಪನಿಯ ಹೆಸರು ಬರೆಯುವುದಿಲ್ಲ. ಎಲ್ಲ ಕಂಪನಿಯ ಡಿಸ್ಕೂ ಒಂದಲ್ಲ ಒಂದು ದಿನ ಹೋಗುವಂಥದ್ದೇ.

ಉಳಿದದ್ದು ಹನ್ನೊಂದು ನಿಮಿಷ. ದೀಪಾವಳಿ ಆದ ಮೇಲೆ ಹುಬ್ಬಳ್ಳಿಯ ತಂಗಿಗೆಂದು ಶುರುವಿನ ಸ್ವಲ್ಪ, ಕೊನೆಯ ಸ್ವಲ್ಪ ಕತ್ತರಿಸಿ ಸಣ್ಣದು ಮಾಡಿ ಸಿಡಿಯಲ್ಲಿ ಕೊಟ್ಟಿದ್ದೆ. ಹಾಡು ಅರ್ಧಕ್ಕೆ ನಿಲ್ಲುತ್ತದೆ. ಅಜ್ಜನ ಎತ್ತಿನ ಮಾತು ಅದರಲ್ಲಿಲ್ಲ. ಫಾಲ್ಕೆಯವರು ನಾಲ್ಕು ವರ್ಷಕ್ಕೆ ಮತ್ತೆ ಚಿತ್ರಿಸಿದರಲ್ಲ ಎಂದು ಆ ದಿನಗಳಲ್ಲಿ ಪದೇ ಪದೇ ಅನ್ನಿಸುತ್ತಿತ್ತು.

ಊರಿಂದ ಯಾರೇ ಬರಲಿ, ವೇರೂಳ, ಅಜಂತಾ ತೋರಿಸುವುದು ನಮ್ಮ ಪಾಲಿನ ಕರ್ತವ್ಯ. ವೇರೂಳದ ಕೈಲಾಸ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನದು ಎಂದು ಎದೆಯುಬ್ಬಿಸಿ ಹೇಳುವುದೂ ಅದರ ಭಾಗ. ಆದರೆ ನನಗೆ ಈಗೀಗ ಅಜಂತೆಯ ಕಥೆಯೇ ಹೆಚ್ಚು ಕಾಡುತ್ತದೆ. ಮದ್ರಾಸ್ ಸೈನ್ಯದ ರಾಬರ್ಟ್ ಗಿಲ್ ಎಂಬ ಅಧಿಕಾರಿಯನ್ನು ಈಸ್ಟ್ ಇಂಡಿಯಾ ಕಂಪನಿ 1844ರಲ್ಲಿ ಇಲ್ಲಿಗೆ ಕಳಿಸಿತು, ಗುಹೆಯ ವರ್ಣಚಿತ್ರಗಳನ್ನು ಪ್ರತಿ ಮಾಡಲು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬರೆದ. ಅವನ ಚಿತ್ರಗಳನ್ನು ಲಂಡನ್ನಿನ ಸಿಡೆನ್‌ಹ್ಯಾಮಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ತೂಗುಹಾಕಿದರು. 1866ರ ಬೆಂಕಿಯಲ್ಲಿ ಕೆಲವನ್ನು ಬಿಟ್ಟು ಎಲ್ಲ ಸುಟ್ಟವು. ಆಮೇಲೆ ಮುಂಬಯಿಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ ಮತ್ತೆ ಮೊದಲಿನಿಂದ ಪ್ರತಿ ಮಾಡಿದ. ಅವನ್ನೂ ಲಂಡನ್ನಿಗೇ ಕಳಿಸಿದರು. 1885ರಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಬೆಂಕಿ, ಅವುಗಳಲ್ಲೂ ಬಹಳಷ್ಟು ಹೋದವು. ಎರಡು ಸಲ ಪ್ರತಿ, ಎರಡು ಸಲವೂ ಎಲ್ಲ ಒಂದೇ ಛಾವಣಿಯ ಕೆಳಗೆ! ಪುಣ್ಯಕ್ಕೆ ಇಲ್ಲಿ ಮೂಲ ಗೋಡೆಯ ಮೇಲೆಯೇ ಇತ್ತು. 1920ರ ದಶಕದಲ್ಲಿ ನಿಜಾಮ ಇಟಲಿಯ ತಜ್ಞರನ್ನು ಕರೆಸಿ ರಕ್ಷಣೆಗೆಂದು ಬಳಿಸಿದ ಅರಗಿನ ವಾರ್ನಿಶ್ ಆಮೇಲೆ ಹಳದಿಗಟ್ಟಿ ಅದೂ ಒಂದು ತಲೆನೋವಾಯಿತು ಅನ್ನಿ.

ಇನ್ನು ಮಗಳಿಗೆ ಬರೆದ ಲಿಸ್ಟು. ಕೆಲಸದ ಮೇಜಿಗೆ ಈಗ ತಿರುಗುವ ಡಿಸ್ಕು ಬೇಡವೇ ಬೇಡ. ವಿಂಡೋಸ್ ಮತ್ತು ನಡೆಯುತ್ತಿರುವ ಪ್ರಾಜೆಕ್ಟಿಗೆ 2 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಒಂದೇ ಸಾಕು. ಅದರಲ್ಲಿ ಓಡಾಡುವ ಮುಳ್ಳಿಲ್ಲವಾದ್ದರಿಂದ ಎರಡು ಕ್ಯಾಶಿಯರ್‌ಗಳ ಹಳೆಯ ಸೂತ್ರಕ್ಕೆ ಈಗ ಹಿಂದಿನ ಬೆಲೆಯಿಲ್ಲ. ಸೆಕೆಂಡಿಗೆ 7000 ಎಂಬಿ ಎಂದು ಡಬ್ಬಿಯ ಮೇಲೆ ಬರೆದದ್ದಕ್ಕೆ ಹೆಚ್ಚು ಹಣ ಕೊಡುವುದೂ ಬೇಡ. ಫೋನಿನ ಸಾಮಾನ್ಯ 4ಕೆ ವಿಡಿಯೋ ನಿಮಿಷಕ್ಕೆ 170ರಿಂದ 350 ಎಂಬಿ, ಅಂದರೆ ಸೆಕೆಂಡಿಗೆ ಆರು ಎಂಬಿಯ ಒಳಗೆ. ನಮ್ಮ ಡಿವಿಯ ದುಪ್ಪಟ್ಟೂ ಇಲ್ಲ! ಪ್ರೋರೆಸ್‌ನಲ್ಲಿ ತೆಗೆದರೆ ಮಾತ್ರ ನಿಮಿಷಕ್ಕೆ 6 ಜಿಬಿ, ಅದು ನನ್ನಂಥ ಹವ್ಯಾಸಿಗೆ ಬೇಕಿಲ್ಲ.

ಉಳಿಸಿದ ಹಣವನ್ನು ತಿಜೋರಿಗೆ ಹಾಕು ಎಂದು ಬರೆದೆ. 8 ಟಿಬಿಯ ತಿರುಗುವ ಡಿಸ್ಕು ಎರಡು, ಬೇರೆ ಬೇರೆ ಕಂಪನಿಯವು, ಒಂದೇ ದಿನ ಒಂದೇ ಅಂಗಡಿಯಿಂದ ಬೇಡ. ಒಂದೇ ತಂಡದಲ್ಲಿ ಹುಟ್ಟಿದವು ಒಟ್ಟಿಗೇ ಕಾಯಿಲೆ ಬೀಳಬಹುದು. ಎಸ್‌ಎಂಆರ್ ಎಂಬ, ಹಂಚು ಹೊದಿಸಿದ ಹಾಗೆ ಗೆರೆಯ ಮೇಲೆ ಗೆರೆ ಬರೆಯುವ ಜಾತಿಯದು ಬೇಡ, ದೊಡ್ಡ ಪ್ರಮಾಣದಲ್ಲಿ ಬರೆಯುವಾಗ ಅದು ತೆವಳುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ಕೆಲವು ರೆಡ್ ಮಾದರಿಗಳಲ್ಲಿ ಅದನ್ನು ಹೇಳದೆ ತುಂಬಿದ್ದು ಹೊರಬಿದ್ದು ಗಲಾಟೆಯಾಗಿತ್ತು. ಅದಕ್ಕೇ ಕಂಪನಿಯ ಹೆಸರಿಗಿಂತ ಮಾದರಿಯ ನಂಬರು ನೋಡು ಅಂದೆ. ತಿಜೋರಿಗೂ ಎಸ್‌ಎಸ್‌ಡಿಯೇ ಯಾಕಾಗಬಾರದು ಎಂದು ಕೇಳಿದಳು. ಅದರಲ್ಲಿ ಅಂಕಿಗಳು ನಿಲ್ಲುವುದು ಹಿಡಿದಿಟ್ಟ ವಿದ್ಯುತ್ ಕಣಗಳಾಗಿ. ವರ್ಷಗಟ್ಟಲೆ ಕರೆಂಟು ಹಚ್ಚದೆ ಬೀರುವಿನಲ್ಲಿ, ಅದೂ ಮರಾಠವಾಡದ ಬಿಸಿಲಿನಲ್ಲಿ ಇಟ್ಟರೆ, ನನಗೆ ಧೈರ್ಯವಿಲ್ಲ. ಎರಡು ಡಿಸ್ಕನ್ನು ರೇಡ್ ಮಾಡಿ ಒಂದೇ ಡಬ್ಬಿಯಲ್ಲಿ ಇಡಬಹುದಲ್ಲ ಎಂದಳು. ಅದು ಒಂದು ಡಿಸ್ಕು ಕೆಟ್ಟರೆ ಕಾಯುತ್ತದೆ, ನಾನೇ ತಪ್ಪಿ ಅಳಿಸಿದರೆ ಎರಡರಿಂದಲೂ ಅಳಿಸುತ್ತದೆ, ಕಳ್ಳ ಬಂದರೆ ಎರಡನ್ನೂ ಒಯ್ಯುತ್ತಾನೆ ಎಂದೆ. ಮಾರ್ಚ್ 31ಕ್ಕೆ, ಸೆಪ್ಟೆಂಬರ್ 30ಕ್ಕೆ ಎರಡೂ ಡಿಸ್ಕು ಹಚ್ಚಿ ಫೈಲುಗಳ ಚೆಕ್‌ಸಮ್ ತಾಳೆ ನೋಡುತ್ತೇನೆ. ಟ್ಯಾಲಿ ಆಗದೆ ಆ ರಾತ್ರಿ ಮಲಗುವುದಿಲ್ಲ. ಹಳೆಯ ಸಣ್ಣ ಡಿಸ್ಕುಗಳ ಜೊತೆ ಹತ್ತು ವರ್ಷದಿಂದ ಹೀಗೇ ನಡೆದಿದೆ.

ಟೇಪುಗಳನ್ನು ಮರೆಯಲಿಲ್ಲ. ಆ ಹಳೆಯ ಕ್ಯಾಮೆರಾ ಇನ್ನೂ ಓಡುತ್ತದೆ, ಆದರೆ ಅದರ ರಿಪೇರಿ ಬಲ್ಲವರು ಸಿಗುವುದಿಲ್ಲ, ಫೈರ್‌ವೈರ್ ಇರುವ ಹೊಸ ಕಂಪ್ಯೂಟರೂ ಇಲ್ಲ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಹದಿನಾಲ್ಕನ್ನೂ ಕೊನೆಯದಾಗಿ ಒಮ್ಮೆ ಇಳಿಸಿದೆ. ಒಂಬತ್ತನೆಯ ಟೇಪಿನಲ್ಲಿ ಒಂದೆರಡು ಕಡೆ ಚೌಕ ಚೌಕವಾಗಿ ಒಡೆಯುತ್ತದೆ. ಅವ್ವ ಇರುವುದು ಆರನೆಯದರಲ್ಲಿ, ಸೆರಗು ಹಿಂಡಿದ ನೀರಿನ ಹನಿಯೂ ಎಣಿಸುವಷ್ಟು ಸರಿಯಾಗಿದೆ.

ಎರಡನೆಯ 8 ಟಿಬಿ ಡಿಸ್ಕನ್ನು ಹುಬ್ಬಳ್ಳಿಯ ತಂಗಿಗೆ ಕಳಿಸಬೇಕೆಂದು ತೀರ್ಮಾನ. ಕೊರಿಯರಿನಲ್ಲಿ ಬೇಡ, ಕೈಯಲ್ಲೇ ಒಯ್ಯುತ್ತೇನೆ ಎಂದು ಫೋನು ಮಾಡಿದೆ. "ಎಲ್ಲಿ ಇಡ್ತಿ?" ಅಂದೆ. "ಬಂಗಾರ ಇಡೋ ಕಪಾಟಿನಾಗ ಇಡ್ತೀನಿ ಬಿಡಣ್ಣ" ಅಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಅವ್ವನ ಆ ಸಿಡಿ ನಮ್ಮ ಟಿವಿಗೆ ಈಗ ಹತ್ತೂದುಲ್ಲ, ಬರೂ ಮುಂದ ಅದನ್ನೂ ಇದ್ರಾಗ ಹಾಕ್ಕೊಂಡು ಬಾ" ಅಂದಳು.